ಸಾಲಿನ ಮುಂದಿನ ಮೆಷಿನ್

ನಮ್ಮೂರಲ್ಲಿ ಮನುಷ್ಯ ತಲೆ ತಿರುಗಿ ಬಿದ್ದರೆ ಇಬ್ಬರು ಬರುತ್ತಾರೆ, ಮೆಷಿನ್ ಕೆಟ್ಟು ನಿಂತರೆ ಇಪ್ಪತ್ತು ಜನ. ಬಿದ್ದವನಿಗೆ ನೀರು ಕೊಡಬಹುದೋ ಬಾರದೋ ಎಂದು ಹೇಳಲು ಯಾರಿಗೂ ಧೈರ್ಯ ಸಾಲದು. ಮೆಷಿನಿಗೆ ಏನಾಗಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಹೋದ ವರ್ಷ ನವರಾತ್ರಿಗೆ ಮೊದಲು, ಮಂಡೆಕೋಲಿನ ನಮ್ಮ ಶಾಲೆಯ ದಾರಿಯಲ್ಲಿ ಶ್ರಮದಾನದ ದಿನ ದೇರಣ್ಣನ ಹುಲ್ಲು ಮೆಷಿನ್ ನಿಂತಾಗ ನಾನೂ ಅವಲಕ್ಕಿಯ ಪಾತ್ರೆ ಹಿಡಿದುಕೊಂಡು ಅಲ್ಲೇ ಇದ್ದೆ.

ದೇರಣ್ಣ ನಮ್ಮ ನೆರೆಕರೆಯವನು. ಗುಡ್ಡೆಯ ಆಚೆ ಬದಿ ಅವನ ರಬ್ಬರು, ಈಚೆ ಬದಿ ನಮ್ಮದು. ನನಗಿಂತ ಸಣ್ಣವನು, ಶಂಕರಿ ಅಕ್ಕ ಎಂದು ಕರೆಯುತ್ತಾನೆ, ಹಾಗಾಗಿ ಏಕವಚನ. ಐವತ್ತು ದಾಟಿದರೂ ತಲೆಯಲ್ಲಿ ಬಿಳಿ ಕಡಿಮೆ. ಮಾತು ಅದಕ್ಕಿಂತ ಕಡಿಮೆ. ಮದುವೆಯ ದಿನ ಅವನು ನಗಲಿಲ್ಲ, ಅಮ್ಮ ತೀರಿಹೋದ ದಿನ ಅಳಲಿಲ್ಲ. ಕುಕ್ಕಪ್ಪ ಅವನನ್ನು ಮೈಲಿಕಲ್ಲು ಎಂದು ಕರೆಯುವುದುಂಟು. ಕುಕ್ಕಪ್ಪನ ಮನೆ ದೇರಣ್ಣನ ಮನೆಯ ಮೇಲಿನದು. ದೇರಣ್ಣನ ಪಾಲಿನ ಮಾತನ್ನೂ ದೇವರು ಕುಕ್ಕಪ್ಪನಿಗೇ ಕೊಟ್ಟಿದ್ದಾನೆ. ದೇರಣ್ಣನ ಹೆಂಡತಿ ಕುಮುದಿನಿಗೆ ಈ ಮೈಲಿಕಲ್ಲಿನ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ಅವಳ ಗಂಡನಿಗೆ ಅದೂ ಬರುವುದಿಲ್ಲ.

ನಮ್ಮ ಬೈಲಿನ ಮನೆಗಳಲ್ಲಿ ಹುಲ್ಲು ಮೆಷಿನ್ ಮೊದಲು ತಂದವನು ದೇರಣ್ಣ. ಅದಕ್ಕೂ ಮೊದಲು ಎಲ್ಲರಂತೆ ಅವನೂ ಕತ್ತಿ ಹಿಡಿದು ಕಾಡು, ಎಂದರೆ ಹುಲ್ಲು ಪೊದೆ, ಸವರುತ್ತಿದ್ದ. ಹೆಗಲಿಗೆ ಬೆಲ್ಟ್ ಹಾಕಿ, ಉದ್ದದ ಕೋಲಿನ ತುದಿಯಲ್ಲಿ ತಿರುಗುವ ಬ್ಲೇಡನ್ನು ಅತ್ತಿತ್ತ ಬೀಸುತ್ತಾ ಅವನು ನಮ್ಮ ಗುಡ್ಡೆ ಹತ್ತಿದ ಮೊದಲ ದಿನ ನೋಡಲು ಜನವೋ ಜನ. ನಮ್ಮ ಮನೆಯವರು, ಮಹಾಗಣಪತಿ ಭಟ್ಟರು, ಊಟಕ್ಕೆ ಕರೆದರೂ ಬಾರದೆ ನಿಂತು ನೋಡಿದ್ದರು. ಆಮೇಲೆ ಮನೆಗೊಂದು ಮೆಷಿನ್ ಬಂತು. ಎಲ್ಲರೂ ಕಲಿತದ್ದು ದೇರಣ್ಣನಿಂದಲೇ. ಕಲಿಸಿದ್ದು ಎಂದರೆ ಬಾಯಿಯಿಂದಲ್ಲ. ಯಾರದ್ದಾದರೂ ಮೆಷಿನ್ ಕೆಟ್ಟರೆ ಹೊತ್ತುಕೊಂಡು ಅವನ ಅಂಗಳಕ್ಕೆ ಹೋಗುವುದು, ಅವನು ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಹಿಡಿಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು "ಪ್ಲಗ್ಗು" ಎನ್ನುವುದು, ಇಲ್ಲವೇ "ಗಾಳಿಯ ಫಿಲ್ಟರು" ಎನ್ನುವುದು. ವೈದ್ಯರು ನಾಡಿ ಹಿಡಿದು ನೋಡುವಂತೆ. ಉಳಿದವರು ಮೆಷಿನಿನ ಶಬ್ದ ಕೇಳಿ ಹೇಳಿದರೆ ಅವನು ಅದರ ನಡುಕ ಹಿಡಿದು ಹೇಳುತ್ತಿದ್ದ.

ಅದೇ ಕಾರಣಕ್ಕೆ ಶ್ರಮದಾನದ ಸಾಲಿನಲ್ಲಿ ಮುಂದಿನ ಜಾಗ ಅವನದ್ದು. ಪ್ರತಿ ವರ್ಷ ನವರಾತ್ರಿಗೆ ಮೊದಲು ಒಂದು ಆದಿತ್ಯವಾರ ಬೈಲಿನ ಮೆಷಿನುಗಳೆಲ್ಲ ರಸ್ತೆಗೆ ಇಳಿಯುತ್ತವೆ. ಭಜನಾ ಮಂದಿರದಿಂದ ಶಾಲೆಯವರೆಗೆ ದಾರಿಯ ಬದಿಯ ಕಾಡನ್ನೆಲ್ಲ ಸವರುವುದು ಕ್ರಮ. ಮುಂದೆ ದೇರಣ್ಣ, ಅವನ ಹಿಂದೆ ಕಲ್ಲು ಸಿಡಿದರೆ ತಾಗದಷ್ಟು ದೂರ ಬಿಟ್ಟು ಕುಕ್ಕಪ್ಪ, ಅವನ ಹಿಂದೆ ಉಳಿದವರು, ಒಬ್ಬೊಬ್ಬರೂ ಮುಂದಿನವನಿಗಿಂತ ಸ್ವಲ್ಪ ಒಳಗೆ. ಮುಂದಿನವನು ಸವರಿದ ಅಂಚನ್ನು ನೋಡಿಕೊಂಡು ಹಿಂದಿನವನು ಬೀಸಬೇಕು. ಮುಂದಿನ ಮೆಷಿನ್ ನಿಂತರೆ ಹಿಂದಿನವೆಲ್ಲ ನಿಲ್ಲಬೇಕು. ಈ ನಿಯಮ ಮಾಡಿದವರು ಯಾರೂ ಇಲ್ಲ, ಮುರಿದವರೂ ಇಲ್ಲ.

ಹೋದ ವರ್ಷದ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ದೇರಣ್ಣ ನಮ್ಮ ರಬ್ಬರು ಗುಡ್ಡೆಯ ಹುಲ್ಲು ತೆಗೆಯಲು ಬಂದಿದ್ದ. ಮೆಷಿನ್ ಚೆನ್ನಾಗಿಯೇ ಹೊರಟಿತು. ನಾನು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಶಬ್ದ ಇಳಿಯಿತು, ಕೆಮ್ಮಿತು, ನಿಂತಿತು. ಮತ್ತೆ ಹಗ್ಗ ಎಳೆದ ಶಬ್ದ. ಮತ್ತೆ ಹೊರಟಿತು, ಮತ್ತೆ ನಿಂತಿತು. ಚಹಾ ಕೊಂಡುಹೋದಾಗ ನಾನು ಕಂಡದ್ದು ಇಷ್ಟು: ಮೆಷಿನ್ ಮರಕ್ಕೆ ಒರಗಿಕೊಂಡಿದೆ, ದೇರಣ್ಣ ಅದರ ಕಡೆ ನೋಡುತ್ತಲೇ ಇಲ್ಲ. ತನ್ನ ಬಲಗೈಯನ್ನು ಮುಖದ ಎದುರು ಹಿಡಿದುಕೊಂಡು, ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡುತ್ತಿದ್ದಾನೆ. ಮೆಷಿನ್ ನಿಂತರೆ ಯಾರಾದರೂ ಮೆಷಿನನ್ನಲ್ಲವೇ ನೋಡುವುದು? ಎಂತಾಯಿತು ಎಂದು ಕೇಳಿದೆ. ಎಂತ ಇಲ್ಲ ಎಂದ. ಚಹಾದ ಲೋಟವನ್ನು ಎರಡೂ ಕೈಯಲ್ಲಿ, ಮಕ್ಕಳು ಹಿಡಿಯುವ ಹಾಗೆ ಹಿಡಿದುಕೊಂಡ.

ನಾನು ಸುಮ್ಮನೆ ಬಿಡುವ ಪೈಕಿ ಅಲ್ಲ. ಮರುದಿನ ಕುಮುದಿನಿ ಮಜ್ಜಿಗೆಗೆ ಬಂದಾಗ ಹಿಡಿದು ಕೂರಿಸಿದೆ. ಮೊದಲು ಆಚೀಚೆ ನೋಡಿದಳು, ಆಮೇಲೆ ಎಲ್ಲವನ್ನೂ ಹೇಳಿದಳು. ಅವರಿಬ್ಬರೊಳಗಿನ ಮಾತೆಲ್ಲ ಅವರ ಮನೆಮಾತಾದ ಅರೆಭಾಷೆಯಲ್ಲೇ, ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಎರಡು ವರ್ಷದಿಂದ ದೇರಣ್ಣನ ಬೆರಳುಗಳು ಜೋಮು ಹಿಡಿಯುತ್ತಿದ್ದವಂತೆ. ಮೊದಮೊದಲು ಮೆಷಿನ್ ಇಳಿಸಿದ ಮೇಲೆ ಸ್ವಲ್ಪ ಹೊತ್ತು. ಆಮೇಲೆ ಸಂಜೆಯವರೆಗೆ. ಈಗ ಬೆಳಿಗ್ಗೆ ಎದ್ದಾಗಲೂ ಹಾಗೆಯೇ. ಚಳಿಯ ದಿನ ಬೆರಳ ತುದಿ ಬಿಳುಚಿಕೊಳ್ಳುತ್ತಿತ್ತು. ಅಂಗಿಯ ಗುಂಡಿ ಹಾಕಲು ಬಾರದೆ ಅವನು ಕುಮುದಿನಿಯ ಎದುರು ಬಂದು ನಿಲ್ಲುತ್ತಿದ್ದ, ಅವಳು ಹಾಕುತ್ತಿದ್ದಳು, ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಒಮ್ಮೆ ಅಂಗಳದಲ್ಲಿ ಮೆಷಿನ್ ಒರಸುತ್ತಿದ್ದವನು ಕಾದ ಸೈಲೆನ್ಸರಿನ ಮೇಲೆ ಬೆರಳಿಟ್ಟುಕೊಂಡೇ ಇದ್ದನಂತೆ. ಅಡಿಗೆಮನೆಯಲ್ಲಿದ್ದ ಕುಮುದಿನಿಗೆ ಸುಟ್ಟ ವಾಸನೆ ಬಂತು. ಓಡಿ ಬಂದು ಅವನ ಕೈ ಎಳೆದಳು. ಅವನು ಬೆರಳನ್ನು ನೋಡಿದ, ಹೋಗಿ ನೀರಿನಲ್ಲಿ ಅದ್ದಿದ, ಬಂದು ಮೆಷಿನ್ ಒರಸುವುದನ್ನು ಮುಂದುವರಿಸಿದ.

"ಬೊಬ್ಬೆ ಹಾಕಿದ್ರೆ ನಂಗೆ ಹೆದರಿಕೆ ಆಗ್ತಿರ್ಲಿಲ್ಲ ಅಕ್ಕ," ಎಂದಳು ಕುಮುದಿನಿ.

ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಸುಳ್ಯದಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ಉಂಟಲ್ಲ ಎಂದು ಗದರಿದೆ. ಉಂಟು, ಆದರೆ ಅಲ್ಲಿ ಹೋದರೆ ಇನ್ನು ಮೆಷಿನ್ ಹಿಡಿಯಬೇಡ ಎನ್ನುತ್ತಾರೆ ಎಂದು ಅವನಿಗೆ ಗೊತ್ತು, ಹಾಗಾಗಿ ಹೋಗುವುದಿಲ್ಲ ಎಂದಳು. ಈಗ ಮೆಷಿನ್ ನಿಲ್ಲಲು ಸುರುವಾದ ಮೇಲೆ ಅವನಿಗೆ ಒಂದೇ ಚಿಂತೆ. ಈ ಮೆಷಿನಿನ ಹಿಡಿಯಲ್ಲಿ ಎಕ್ಸಲರೇಟರಿನ ಕೊಕ್ಕೆ ಇರುತ್ತದೆ, ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಮೆಷಿನ್ ಓಡುತ್ತದೆ, ಬೆರಳು ಸಡಿಲಾದರೆ ಇಳಿಯುತ್ತದೆ, ಹಳೆಯ ಮೆಷಿನಾದರೆ ನಿಂತೇ ಹೋಗುತ್ತದೆ. ಬೆರಳು ಒತ್ತಿ ಹಿಡಿದಿದೆಯೋ ಜಾರಿದೆಯೋ ಅವನಿಗೆ ಗೊತ್ತಾಗುವುದಿಲ್ಲ. ಹಾಗಾದರೆ ನಿಲ್ಲುತ್ತಿರುವುದು ಮೆಷಿನೋ, ತನ್ನ ಬೆರಳೋ? ರಾತ್ರಿ ನಿದ್ದೆಯಲ್ಲಿ ಕೂಡ ಅವನ ಬೆರಳು ಕೊಕ್ಕೆ ಒತ್ತುವ ಹಾಗೆ ಮಡಚಿಕೊಳ್ಳುತ್ತದೆ ಎಂದಳು ಅವಳು. ಮೆಷಿನಿಗೇ ಏನಾದರೂ ದೊಡ್ಡ ರೋಗ ಇರಲಪ್ಪ ಎಂದು ದೇವರಿಗೆ ಹರಕೆ ಹೇಳಿಕೊಂಡಿದ್ದಾನಂತೆ. ಮೆಷಿನ್ ಹಾಳಾಗಲಿ ಎಂದು ಹರಕೆ ಹೊತ್ತವರನ್ನು ನಾನು ಅದೇ ಮೊದಲು ಕೇಳಿದ್ದು.

ಹಾಗೆ ಅವನು ಮೆಷಿನನ್ನು ಸ್ಕೂಟರಿಗೆ ಕಟ್ಟಿಕೊಂಡು ಸುಳ್ಯಕ್ಕೆ ಹೋದ. ಆಸ್ಪತ್ರೆಯ ಗೇಟಿನ ಎದುರಿನಿಂದಲೇ ಹೋದ. ಕೈ ತೋರಿಸಬೇಕಾದವನು ಮೆಷಿನ್ ತೋರಿಸಿದ. ಮೆಷಿನ್ ರಿಪೇರಿಯ ಹಂಝ ಬ್ಯಾರಿ ನಮ್ಮ ಕಡೆಯವರಿಗೆಲ್ಲ ಗೊತ್ತಿರುವವನು, ಒಳ್ಳೆಯ ಕೈಗುಣ. ಅವನು ಹಳೆಯ ಪೆಟ್ರೋಲ್ ಚೆಲ್ಲಿ ಹೊಸತು ಹಾಕಿದ, ಪ್ಲಗ್ ಉಜ್ಜಿದ, ಕಾರ್ಬೊರೇಟರ್ ಬಿಚ್ಚಿ ಊದಿದ, ಸ್ಟಾರ್ಟ್ ಮಾಡಿದ. ಮೆಷಿನ್ ಓಡಿತು. ಹಂಝ ಹಿಡಿದು ನೋಡಿದ, ಇನ್ನೂ ಸ್ವಲ್ಪ ಹೊತ್ತು ಓಡಿಸಿದ, ಬೇರೆ ಗಿರಾಕಿ ಬಂದರೆಂದು ಆಫ್ ಮಾಡಿದ. ಮೆಷಿನಿಗೆ ಏನೂ ಆಗಿಲ್ಲ ಎಂದ. ಆಮೇಲೆ ನಗೆಯಾಡುತ್ತಾ ಒಂದು ಮಾತು ಸೇರಿಸಿದ.

"ಇದು ನಿಮ್ಮ ಕೈಯಲ್ಲಿ ಮಾತ್ರ ನಿಲ್ಲುದು ಕಾಣ್ತದೆ ದೇರಣ್ಣ."

ಹಂಝ ತಮಾಷೆಗೆ ಹೇಳಿದ್ದು. ದೇರಣ್ಣ ಮೆಷಿನ್ ಕಟ್ಟಿಕೊಂಡು ಮನೆಗೆ ಬಂದು, ಜಗಲಿಯಲ್ಲಿ ಕೂತು, ಊಟಕ್ಕೆ ಕರೆದರೂ ಏಳಲಿಲ್ಲ. ಮೆಷಿನ್ ಸರಿ ಉಂಟು ಎಂದು ಅವನು ಹೇಳಿದಾಗ ಕುಮುದಿನಿ ಅಳಬೇಕೋ ನಗಬೇಕೋ ತಿಳಿಯದೆ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳಂತೆ.

ಇನ್ನು ಶ್ರಮದಾನದ ದಿನ. ನೀವು ಹೋಗಬೇಡಿ, ಜ್ವರ ಎಂದು ಹೇಳುತ್ತೇನೆ ಎಂದು ಕುಮುದಿನಿ ಗಂಡನಿಗೆ ಹೇಳಿ ನೋಡಿದ್ದಳು. ಅವನು ಅಂಗಿ ಹಿಡಿದುಕೊಂಡು ಅವಳ ಎದುರು ಬಂದು ನಿಂತ. ಅವಳು ಗುಂಡಿ ಹಾಕಿದಳು. ಭಜನಾ ಮಂದಿರದ ಹತ್ತಿರ ಮೆಷಿನುಗಳು ಸಾಲಾದವು. ಕಿವಿಗೆ ಹತ್ತಿ ತುರುಕಿ, ಮುಖದ ಎದುರು ಪ್ಲಾಸ್ಟಿಕಿನ ಪರದೆ ಇಳಿಸಿ, ದೇರಣ್ಣ ಮುಂದೆ ನಿಂತ. ಹಗ್ಗ ಎಳೆದ. ಹೊರಟಿತು. ಹಿಂದಿನವರೆಲ್ಲ ಹೊರಟರು. ನಾವು ಹೆಂಗಸರು ಮಂದಿರದ ಜಗಲಿಯಲ್ಲಿ ಅವಲಕ್ಕಿ ಕಲಸುತ್ತಿದ್ದೆವು. ಕುಮುದಿನಿಯ ಕೈ ಪಾತ್ರೆಯಲ್ಲಿತ್ತು, ಕಿವಿ ರಸ್ತೆಯಲ್ಲಿತ್ತು.

ದಾರಿಯ ಮೊದಲ ತಿರುವು ದಾಟುವುದರೊಳಗೆ ಮುಂದಿನ ಮೆಷಿನ್ ಕೆಮ್ಮಿ ನಿಂತಿತು. ಹಿಂದಿನವು ಒಂದೊಂದಾಗಿ ನಿಂತವು. ಅಷ್ಟು ಹೊತ್ತಿನ ಗಲಾಟೆಯ ಮೇಲೆ ಒಮ್ಮೆಲೇ ಹಕ್ಕಿಯ ಶಬ್ದ ಕೇಳಿಸಿತು. ನಾನೂ ಕುಮುದಿನಿಯೂ ಅವಲಕ್ಕಿ ಕೊಡುವ ನೆವ ಮಾಡಿಕೊಂಡು ಹೋದೆವು.

ಆಗ ನೋಡಬೇಕಿತ್ತು ಊರಿನ ಪಾಂಡಿತ್ಯ. ಎಣ್ಣೆ ಹೆಚ್ಚಾಗಿದೆ ಎಂದು ಒಬ್ಬ, ಕಡಿಮೆಯಾಗಿದೆ ಎಂದು ಇನ್ನೊಬ್ಬ. ಪೆಟ್ರೋಲಿಗೆ ನೀರು ಸೇರಿದೆ ಎಂದು ಮತ್ತೊಬ್ಬ. ಕುಕ್ಕಪ್ಪ ಎಲ್ಲರನ್ನೂ ಬದಿಗೆ ಸರಿಸಿ, ಮೊದಲು ಪೆಟ್ರೋಲ್ ಉಂಟಾ ನೋಡುವ ಮಾರಾಯ್ರೆ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಅರ್ಧ ಟ್ಯಾಂಕ್ ಇತ್ತು. ಮುಚ್ಚಿದ. ಪ್ಲಗ್ ಬಿಚ್ಚಿ ತನ್ನ ಪಂಚೆಯ ತುದಿಯಲ್ಲಿ ಒರಸಿದ. ಹಗ್ಗ ಎಳೆದ. ಮೆಷಿನ್ ಗುರ್ರೆಂದು ಹೊರಟಿತು. ಕುಕ್ಕಪ್ಪ ಯುದ್ಧ ಗೆದ್ದವನ ಹಾಗೆ ಸುತ್ತ ನೋಡಿದ. ದೇರಣ್ಣ ಬೆಲ್ಟ್ ಹಾಕಿಕೊಂಡು ಮುಂದೆ ನಡೆದ. ಸಾಲು ಹೊರಟಿತು. ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ನಿಂತಿತು.

ಈ ಸಲ ಇನ್ನೊಬ್ಬ ವೈದ್ಯ. ಅವನೂ ಮೊದಲು ಮುಚ್ಚಳ ತೆಗೆದು ಪೆಟ್ರೋಲ್ ನೋಡಿದ, ಆಮೇಲೆ ಗಾಳಿಯ ಫಿಲ್ಟರು ತೆಗೆದು ಕಲ್ಲಿಗೆ ಬಡಿದ. ಮೆಷಿನ್ ಹೊರಟಿತು. ಮತ್ತೆ ನಿಂತಿತು. ಮೂರನೆಯವನಿಗೆ ಕಾರ್ಬೊರೇಟರಿನ ಸ್ಕ್ರೂ ಮೇಲೆ ಸಂಶಯ. ಅವನೂ ಮೊದಲು ಮುಚ್ಚಳ ತೆಗೆದ. ಯಾರು ಏನು ಮಾಡಿದರೂ ಮೆಷಿನ್ ಹೊರಡುತ್ತಿತ್ತು, ಯಾರು ಏನು ಮಾಡಿದರೂ ನಿಲ್ಲುತ್ತಿತ್ತು. ದೃಷ್ಟಿ ತಾಗಿದೆ ಎಂಬಲ್ಲಿಗೆ ಮಾತು ಬಂತು. ದೇರಣ್ಣ ಸ್ವಲ್ಪ ದೂರದಲ್ಲಿ, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಬೇರೆಯವರ ಸೊತ್ತಿನ ಬಗ್ಗೆ ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ನಿಂತಿದ್ದ. ಇಷ್ಟು ಜನ ಮೆಷಿನನ್ನು ಬಿಚ್ಚಿ ನೋಡಿದರು, ಇವನ ಕೈ ಎಲ್ಲಿದೆ ಎಂದು ಒಬ್ಬನೂ ನೋಡಲಿಲ್ಲ. ನನಗೆ ಕಿರುಚಬೇಕು ಎನ್ನಿಸಿತು. ಯಾರಿಗೂ ಹೇಳುವುದಿಲ್ಲ ಎಂದು ಕುಮುದಿನಿಗೆ ಮಾತು ಕೊಟ್ಟಿದ್ದೆ, ಹಾಗಾಗಿ ಅವಲಕ್ಕಿ ಹಂಚಿದೆ.

ಕೊನೆಗೆ ಕುಮುದಿನಿಯೇ ಜನರ ನಡುವೆ ನುಗ್ಗಿದಳು. ಕುಕ್ಕಪ್ಪ ಮತ್ತೊಮ್ಮೆ ಮುಚ್ಚಳ ತಿರುಗಿಸುವಾಗ ಉಸ್ ಎಂದು ಸಣ್ಣ ಶಬ್ದವಾಯಿತು. ನನಗೂ ಕೇಳಿತ್ತು. ಗಂಡಸರು ಮಾತಾಡುತ್ತಿದ್ದರು, ಅವರಿಗೆ ಕೇಳಲಿಲ್ಲ.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರ್ತದಾ?" ಎಂದು ಕೇಳಿದಳು ಕುಮುದಿನಿ. "ಎರಡು ಮಾಡ್ಬೇಕಲ್ಲ. ಮುಚ್ಚಳ ತೆಗ್ದಾಗ ಮಾತ್ರ ಇದು ಸರಿ ಆಗುದು. ಇದ್ರ ಗಾಳಿಯ ತೂತು ಎಲ್ಲಿ ಉಂಟು?"

ಕುಕ್ಕಪ್ಪ ಮುಚ್ಚಳವನ್ನು ಬೆಳಕಿಗೆ ಹಿಡಿದ. ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ಗಾಳಿ ಹೋಗಲು ಮುಚ್ಚಳದ ನಡುವೆ ಸೂಜಿಯ ತೂತು ಇರುತ್ತದೆ. ಅದರ ಮೇಲೆ ಕಪ್ಪಗೆ, ದಪ್ಪಗೆ, ಡಾಂಬರಿನಂಥದ್ದು ಹಿಡಿದಿತ್ತು. ನಮ್ಮೂರಿನವರಿಗೆ ಅದೇನೆಂದು ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು, ರಬ್ಬರು ಮರದಲ್ಲಿ ಹಾಲು ಇಳಿಸಲು ಮಾಡಿದ ಗಾಯಕ್ಕೆ ನೀರು ಇಳಿಯದ ಹಾಗೆ ಪ್ಲಾಸ್ಟಿಕಿನ ಲಂಗ ಕಟ್ಟುತ್ತೇವೆ, ಅದನ್ನು ಮರಕ್ಕೆ ಹಿಡಿಸುವ ಗಮ್ ಅದು. ಕಟ್ಟಿ ಮುಗಿದ ಮೇಲೆ ಡಬ್ಬದ ಅಡಿಯಲ್ಲಿ ಉಳಿದದ್ದನ್ನು ಬಿಸಾಡುವ ಅಭ್ಯಾಸ ನಮ್ಮಲ್ಲಿಲ್ಲ. ಒಡೆದ ಹಂಚು, ಸೋರುವ ಬಾಲ್ದಿ, ಬಾಯಿ ಬಿಟ್ಟ ಚಪ್ಪಲಿ, ಎಲ್ಲದಕ್ಕೂ ಅದೇ ಮದ್ದು. ನಮ್ಮ ಮನೆಯವರು ಒಮ್ಮೆ ಕನ್ನಡಕದ ಕಾಲಿಗೂ ಹಾಕಿದ್ದಾರೆ.

ಇದನ್ನು ಯಾವ ಪುಣ್ಯಾತ್ಮ ಹಾಕಿದ್ದು ಎಂದು ಕುಕ್ಕಪ್ಪ ಕೇಳಿದ.

ತಾನೇ ಎಂದ ದೇರಣ್ಣ. ಮುಚ್ಚಳದ ಅಂಚು ಸೀಳಿತ್ತು, ಮಳೆನೀರು ಒಳಗೆ ಹೋಗಬಾರದು ಎಂದು ಬೆರಳಿನಲ್ಲಿ ಸವರಿದ್ದೆ ಎಂದ. ಆಮೇಲೆ ನಿಧಾನವಾಗಿ, "ಅಂಚಿಗೆ ಮಾತ್ರ ಹಾಕಿದ್ದು ನಾನು. ತೂತಿಗೆ ಹಾಕ್ಲಿಲ್ಲ," ಎಂದ.

ಎಲ್ಲರೂ ನಕ್ಕರು. ಹಾಕಿದವರಲ್ಲದೆ ಗಮ್ ನಡೆದುಕೊಂಡು ಬಂತಾ ಎಂದು ಕುಕ್ಕಪ್ಪ ಕೇಳಿದ, ಮತ್ತೂ ನಕ್ಕರು. ದೇರಣ್ಣ ಕೂಡ ನಕ್ಕ. ನಾನು ಇಷ್ಟು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಅದೇ ಮೊದಲು. ಮೆಷಿನಿಗೇ ರೋಗ ಎಂದಾಯಿತಲ್ಲ, ಹರಕೆ ಸಂದಿತಲ್ಲ, ಅದಕ್ಕೆ ನಗು. ಕುಮುದಿನಿ ನಗಲಿಲ್ಲ. ಅವಳು ಆ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು, ಹೆಬ್ಬೆರಳಿನಿಂದ ಆ ಗಮ್ಮಿನ ಗಂಟನ್ನು ಮುಟ್ಟಿ ನೋಡುತ್ತಿದ್ದಳು. ಅಷ್ಟು ದಪ್ಪದ ಗಂಟು ಬೆರಳಿಗೆ ಸಿಕ್ಕದೆ ಇರುವುದುಂಟೇ? ಅಂಚಿಗೆ ಹಾಕಿದ್ದು ನಡುವಿನವರೆಗೆ ಹರಡಿದ್ದು ಅವನ ಬೆರಳಿಗೆ ಗೊತ್ತಾಗಲೇ ಇಲ್ಲ. ಮೆಷಿನಿನ ರೋಗ ಬಂದದ್ದೂ ಆ ಕೈಯಿಂದಲೇ. ಅವಳು ನನ್ನ ಮುಖ ನೋಡಿದಳು. ನನಗೂ ಆಗಲೇ ತಿಳಿಯಿತು. ಅಷ್ಟು ಅಪರೂಪಕ್ಕೆ ನಕ್ಕವನ ಎದುರು ಏನು ಹೇಳುವುದು?

ಕುಕ್ಕಪ್ಪ ಸೇಫ್ಟಿ ಪಿನ್ನಿನಿಂದ ತೂತು ಬಿಡಿಸಿದ. ಮುಚ್ಚಳ ಹಾಕಿ ಹಗ್ಗ ಎಳೆದರು. ದೇರಣ್ಣ ಮುಂದೆ ನಿಂತ, ಸಾಲು ಹೊರಟಿತು. ಈ ಸಲ ನಿಲ್ಲಲಿಲ್ಲ. ತಿರುವು ದಾಟಿತು, ಮೋರಿ ದಾಟಿತು, ಗೇರುಮರದ ಬುಡ ದಾಟಿತು. ಅವನು ಬೀಸುವುದನ್ನು ನೋಡಲು ಚೆಂದ. ಬಲದಿಂದ ಎಡಕ್ಕೆ, ಒಂದೇ ಅಳತೆ, ಒಂದು ಹೆಜ್ಜೆ, ಮತ್ತೆ ಬಲದಿಂದ ಎಡಕ್ಕೆ. ಹಿಂದೆ ಅಷ್ಟೂ ಮೆಷಿನುಗಳು ಅವನ ಅಂಚು ನೋಡಿಕೊಂಡು. ಹುಲ್ಲಿನ ಚೂರು ಹಾರಿ ಅವನ ಮುಖದ ಪರದೆಗೆ ಹಸುರು ಲೇಪ ಬಳಿದಂತೆ ಅಂಟಿತ್ತು. ನಾವು ಪಾತ್ರೆ ಹಿಡಿದುಕೊಂಡು ಶಾಲೆಯ ಗೇಟಿಗೆ ಮೊದಲೇ ಹೋಗಿ ಕಾಯುತ್ತಾ ನಿಂತೆವು.

ಗೇಟಿನ ಹತ್ತಿರ ಹುಲ್ಲು ಮೆದು. ಅಲ್ಲಿಗೆ ಬರುವಾಗ ದೇರಣ್ಣನ ಮೆಷಿನಿನ ಶಬ್ದ ನಿಂತಿತು. ಈ ಸಲ ಕೆಮ್ಮಲಿಲ್ಲ, ಪೆಟ್ರೋಲ್ ಮುಗಿದು ಮೆಲ್ಲನೆ ಆರಿತು. ಅಷ್ಟೊಂದು ಶಬ್ದದ ನಡುವೆ ಅದು ನಿಂತದ್ದು ನನಗೂ ಮೊದಲು ಗೊತ್ತಾಗಲಿಲ್ಲ. ಗೊತ್ತಾದದ್ದು ಹುಲ್ಲಿನಿಂದ. ಅವನು ಬೀಸುತ್ತಿದ್ದ, ಹುಲ್ಲು ಬೀಳುತ್ತಿರಲಿಲ್ಲ. ತಿರುಗದ ಬ್ಲೇಡಿನ ಅಡಿ ಬಾಗಿ, ಅದು ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತಿತ್ತು.

ಹಿಂದಿದ್ದ ಕುಕ್ಕಪ್ಪ ಕಂಡು, ತನ್ನ ಮೆಷಿನ್ ಆಫ್ ಮಾಡಿ, ದೊಡ್ಡದಾಗಿ ನಕ್ಕು, ಹಿಂದಿನವರಿಗೆ ಕೈ ತೋರಿಸಿದ. ಅವರೂ ಒಬ್ಬೊಬ್ಬರಾಗಿ ಆಫ್ ಮಾಡಿದರು. ಕೆಲವರು ನಕ್ಕರು. ದೇರಣ್ಣ ಬೀಸುತ್ತಲೇ ಇದ್ದ. ಕಿವಿಯಲ್ಲಿ ಹತ್ತಿ, ಒಳಗೆ ಅಷ್ಟು ಹೊತ್ತಿನ ಗುಂಯ್ ಶಬ್ದ. ಪರದೆಯ ತುಂಬಾ ಹಸುರು. ಇನ್ನು ಕೈ ಹೇಳಬೇಕು, ಕೈ ಹೇಳಲಿಲ್ಲ. ಎಲ್ಲರ ಮೆಷಿನಿನ ನಾಡಿ ಹಿಡಿದವನು ತನ್ನ ಕೈಯಲ್ಲಿ ಸತ್ತ ಮೆಷಿನನ್ನು ಹಿಡಿದುಕೊಂಡು ಬಲದಿಂದ ಎಡಕ್ಕೆ ಬೀಸಿದ, ಹೆಜ್ಜೆ ಇಟ್ಟ, ಮತ್ತೆ ಬೀಸಿದ. ನಗು ಒಂದೊಂದಾಗಿ ನಿಂತಿತು. ಕೊನೆಗೆ ಹುಲ್ಲಿಗೆ ಬ್ಲೇಡು ತಾಗುವ ಸರಸರ ಮಾತ್ರ ಕೇಳುತ್ತಿತ್ತು.

ಕುಮುದಿನಿ ಪಾತ್ರೆ ಕೆಳಗಿಟ್ಟು ಓಡಿದಳು. ಎದುರಿನಿಂದ ಹೋಗಿ ಹಿಡಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಅದೂ ಅವನಿಗೆ ಗೊತ್ತಾಗಲಿಲ್ಲ. ಮುಖದ ಪರದೆಯನ್ನು ಅವಳೇ ಮೇಲಕ್ಕೆ ಎತ್ತಿದಳು. ಅವನು ಅವಳನ್ನು ನೋಡಿದ, ಬ್ಲೇಡನ್ನು ನೋಡಿದ, ಹಿಂದೆ ತಿರುಗಿ ಸಾಲನ್ನು ನೋಡಿದ, ಎದ್ದು ನಿಂತ ಹುಲ್ಲನ್ನು ನೋಡಿದ.

"ಯಾವಾಗ ನಿಂತದ್ದು?" ಎಂದು ಕೇಳಿದ.

ಅವನ ಬೆರಳು ಇನ್ನೂ ಕೊಕ್ಕೆಯನ್ನು ಒತ್ತಿಕೊಂಡೇ ಇತ್ತು. ಅಷ್ಟು ಗಟ್ಟಿಯಾಗಿ ಒತ್ತಿತ್ತು ಎಂದರೆ ಕುಮುದಿನಿ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಆ ಬೆರಳು ಒಮ್ಮೆಯೂ ಜಾರಿರಲಿಲ್ಲ ಎಂದು ಆಗ ನನಗೆ ಅನ್ನಿಸಿತು. ಅದರಿಂದ ಈಗ ಯಾವ ಪ್ರಯೋಜನವೂ ಇರಲಿಲ್ಲ.

ಬೆಲ್ಟ್ ಕಳಚಿ ಮೆಷಿನನ್ನು ಶಾಲೆಯ ಗೋಡೆಗೆ ಒರಗಿಸಿದರು. ದೇರಣ್ಣ ಮೆಟ್ಟಿಲ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ. ಅಡಗಿಸಲಿಲ್ಲ. ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಿದ್ದವು, ಒಂದರ ಮೇಲೆ ಸೈಲೆನ್ಸರಿನ ಹಳೆಯ ಸುಟ್ಟ ಕಲೆ. ಸಾಲಿನವರೆಲ್ಲ ಸುತ್ತ ಬಂದು ನಿಂತರು. ಕುಕ್ಕಪ್ಪ ಬಗ್ಗಿ ಆ ಕೈಗಳನ್ನು ನೋಡಿದ. ಪ್ಲಗ್ ಎಂದೋ ಫಿಲ್ಟರು ಎಂದೋ ಏನಾದರೂ ಹೇಳಿಯಾನು ಎಂದು ನಾನು ಕಾದೆ. ಇಪ್ಪತ್ತು ಜನ ಇದ್ದೆವು, ಯಾರಿಗೂ ಏನೂ ಗೊತ್ತಿರಲಿಲ್ಲ.